ಸಿಂಥ್‌ನಿಂದ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡುವಾಗ ಮಧ್ಯೆ ಮಧ್ಯೆ ಟಪ್ ಟಪ್ ಅಂತ ಸೌಂಡ್ ಕಟ್ ಆಗ್ತಿದೆ, ಏನ್ ಮಾಡೋದು?

ನಿಮ್ಮ ಸೆಟಪ್ ನಂಗೆ ಅರ್ಥ ಆಗಿದ್ದು ಇಷ್ಟು. ಯಮಹಾ ಮೋಡ್‌ಎಕ್ಸ್ ಸಿಂಥ್ ಕೀಬೋರ್ಡ್‌ನಿಂದ ಯುಎಸ್‌ಬಿ ಕೇಬಲ್ ನೇರವಾಗಿ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹೋಗತ್ತೆ, ಮಗಳು ಭಾವಗೀತೆ ಹಾಡೋ ಮೈಕ್‌ಗೆ ಬೇರೆನೇ ಒಂದು ಆಡಿಯೋ ಇಂಟರ್‌ಫೇಸ್ (ಸೌಂಡನ್ನ ಕಂಪ್ಯೂಟರ್‌ಗೆ ತಲುಪಿಸೋ, ಎರಡು ಇನ್‌ಪುಟ್ ಇರೋ ಡಬ್ಬಿ), ಎರಡನ್ನೂ ಏಸಿಯೋ4ಆಲ್ ಅನ್ನೋ ಡ್ರೈವರ್‌ನಲ್ಲಿ ಸೇರಿಸಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಕೊಟ್ಟಿದೀರ, ವಿಡಿಯೋ ಮಾಡ್ಬೇಕು ಅಂತ ಪ್ರಾಜೆಕ್ಟನ್ನ 48 ಕಿಲೋಹರ್ಟ್ಜ್‌ಗೆ, ಅಂದ್ರೆ ಸೆಕೆಂಡಿಗೆ 48,000 ಸ್ಯಾಂಪಲ್‌ಗೆ (ಸ್ಯಾಂಪಲ್ ಅಂದ್ರೆ ಸೌಂಡಿನ ಒಂದೊಂದು ಅಳತೆ) ಇಟ್ಟಿದೀರ. ಮೊದಲನೇ ಚರಣದ ತನಕ ಎಲ್ಲಾ ಸರಿ ಇರತ್ತೆ, ಆಮೇಲೆ ಕೀಬೋರ್ಡ್ ಟ್ರ್ಯಾಕ್‌ನಲ್ಲಿ ಟಪ್ ಟಪ್. ಬಫರನ್ನ, ಅಂದ್ರೆ ಕಂಪ್ಯೂಟರ್ ಸೌಂಡನ್ನ ಸ್ವಲ್ಪ ಹೊತ್ತು ಕೂಡಿಟ್ಕೊಳ್ಳೋ ಜಾಗಾನ, 256 ಸ್ಯಾಂಪಲ್‌ನಿಂದ 2048ಕ್ಕೆ ಏರಿಸಿದ್ರೆ ಸ್ವಲ್ಪ ಲೇಟಾಗಿ ಶುರುವಾಗತ್ತೆ, ಆದ್ರೆ ನಿಲ್ಲಲ್ಲ.

ಕೊನೇಲಿ ಹೇಳಿದ್ರಲ್ಲ, ಅದೇ ಸುಳಿವು. ಕಂಪ್ಯೂಟರ್‌ಗೆ ಕೆಲಸ ಜಾಸ್ತಿ ಆಗಿ ಸೌಂಡ್ ಕಟ್ಟಾಗ್ತಿದ್ರೆ ಬಫರ್ ಏರಿಸಿದ ಕೂಡ್ಲೆ ಕಮ್ಮಿ ಆಗ್ಬೇಕಿತ್ತು, ಯಾಕಂದ್ರೆ 48ರಲ್ಲಿ 256 ಸ್ಯಾಂಪಲ್ ಅಂದ್ರೆ ಸುಮಾರು 5.3 ಮಿಲಿಸೆಕೆಂಡ್, ಅದೇ 2048 ಅಂದ್ರೆ 43 ಮಿಲಿಸೆಕೆಂಡ್ ಟೈಮ್ ಸಿಗತ್ತೆ. ಅಷ್ಟು ಟೈಮ್ ಕೊಟ್ರೂ ಲೇಟಾಗಿ ಬರತ್ತೆ ಅಂದ್ರೆ ಎಲ್ಲೋ ನಿಧಾನಕ್ಕೆ ತುಂಬ್ತಾ ಇದೆ ಇಲ್ಲಾ ಖಾಲಿ ಆಗ್ತಾ ಇದೆ ಅಂತ ಅರ್ಥ, ಅದು ಕ್ಲಾಕ್ ಸಮಸ್ಯೆ, ಕ್ಲಾಕ್ ಅಂದ್ರೆ ಸ್ಯಾಂಪಲ್‌ಗಳ ವೇಗ ಹಿಡಿದಿಡೋ ಗಡಿಯಾರ. ಕೀಬೋರ್ಡ್ ಒಳಗೊಂದು ಕ್ಲಾಕ್, ಇಂಟರ್‌ಫೇಸ್ ಒಳಗೊಂದು ಕ್ಲಾಕ್, ಇಬ್ರು ಬೇರೆ ಬೇರೆ ರೂಮಲ್ಲಿ ಕೂತು ಒಂದೇ ಹಾಡಿಗೆ ತಾಳ ಹಾಕಿದ ಹಾಗೆ. ಎರಡರ ಮಧ್ಯೆ 10 ಲಕ್ಷಕ್ಕೆ 50 ರಷ್ಟು ವ್ಯತ್ಯಾಸ ಇದೆ ಅಂತ ಇಟ್ಕೊಳ್ಳಿ, ಸೆಕೆಂಡಿಗೆ ಸುಮಾರು ಎರಡೂವರೆ ಸ್ಯಾಂಪಲ್ ಆಚೀಚೆ ಆಗತ್ತೆ, ಎರಡು ನಿಮಿಷದೊಳಗೆ 256 ಸ್ಯಾಂಪಲ್ ಆಯ್ತು, ಆಗ ಒಂದು ಟಪ್. ಇದರ ಮೇಲೆ ಇನ್ನೊಂದು ವಿಷಯ, ಮೋಡ್‌ಎಕ್ಸ್‌ನ ಯುಎಸ್‌ಬಿ ಆಡಿಯೋ 44.1 ಕಿಲೋಹರ್ಟ್ಜ್‌ನಲ್ಲಿ ಮಾತ್ರ ಬರೋದು, ನೀವು 48 ಕೇಳಿದ್ರೆ ಮಧ್ಯೆ ಯಾರೋ ಕೂತು ಅದನ್ನ ಬದಲಾಯಿಸ್ಬೇಕು. ಕೀಬೋರ್ಡ್ ಕೆಟ್ಟಿಲ್ಲ, ಸರ್ವಿಸ್ ಸೆಂಟರ್‌ಗೆಲ್ಲಾ ಒಯ್ಬೇಡಿ.

ಖಾತ್ರಿ ಮಾಡ್ಕೋಬೇಕು ಅಂದ್ರೆ ಕಟ್ ಆದ ಜಾಗದಲ್ಲಿ ವೇವ್‌ಫಾರ್ಮನ್ನ ಚೆನ್ನಾಗಿ ಜೂಮ್ ಮಾಡಿ. ಗೆರೆ ನಯವಾಗಿ ಏರಿಳೀತಾ ಬಂದು ಒಂದೇ ಕಡೆ ಮೆಟ್ಟಿಲ ಥರ ಸರಕ್ಕನೆ ಜಿಗಿದು ಮತ್ತೆ ನಯವಾಗಿ ಮುಂದುವರಿದಿದ್ರೆ ಸ್ಯಾಂಪಲ್ ಜಾರಿದೆ, ಕ್ಲಾಕ್‌ದೇ ಕೆಲಸ. ಕೆಲವು ಮಿಲಿಸೆಕೆಂಡ್ ಪೂರ್ತಿ ಚಪ್ಪಟೆ ಗೆರೆ ಇದ್ರೆ ಡೇಟಾ ಟೈಮಿಗೆ ಬಂದಿಲ್ಲ, ಅದು ಲ್ಯಾಪ್‌ಟಾಪ್ ಕಡೇದು. ವೇವ್‌ನಲ್ಲಿ ಏನೂ ಇಲ್ದೆ ಕಿವಿಗೆ ಮಾತ್ರ ಕೇಳಿಸ್ತಿದ್ರೆ ರೆಕಾರ್ಡಿಂಗ್ ಚೆನ್ನಾಗೇ ಆಗಿದೆ, ಪ್ಲೇಬ್ಯಾಕ್ ಅಷ್ಟೇ ತಡವರಿಸ್ತಿರೋದು, ಮತ್ತೆ ಬಾರಿಸೋ ಅವಶ್ಯಕತೆನೇ ಇಲ್ಲ.

ಪರಿಹಾರ ಅಂದ್ರೆ ಎರಡು ಡಿವೈಸ್ ಸೇರಿಸೋದನ್ನ ಬಿಡೋದು. ವಿಂಡೋಸ್‌ನಲ್ಲಿ ರೀಪರ್ ಒಂದು ಸಲಕ್ಕೆ ಒಂದೇ ಏಸಿಯೋ ಡ್ರೈವರ್ (ರೆಕಾರ್ಡಿಂಗ್‌ಗೆ ಬಳಸೋ ಥರದ್ದು) ತಗೊಳೋದು, ಅದಕ್ಕೇ ಜನ ಏಸಿಯೋ4ಆಲ್ ಮೊರೆ ಹೋಗ್ತಾರೆ, ಒಂದೇ ಡಿವೈಸ್ ಇದ್ದು ಅದಕ್ಕೆ ಸ್ವಂತ ಡ್ರೈವರ್ ಇಲ್ಲ ಅಂದ್ರೆ ಅದು ಉಪಕಾರಿನೇ, ಎರಡು ಸೇರಿಸೋಕೆ ಮಾತ್ರ ನಾನು ಯಾರಿಗೂ ಹೇಳಲ್ಲ. ನಾನಾಗಿದ್ರೆ ಕೀಬೋರ್ಡ್ ಹಿಂದಿನ ಎಲ್ ಮತ್ತು ಆರ್ ಔಟ್‌ಪುಟ್‌ನಿಂದ ಎರಡು ಜ್ಯಾಕ್ ಕೇಬಲ್ ತಂದು ಇಂಟರ್‌ಫೇಸ್‌ನ ಎರಡು ಇನ್‌ಪುಟ್‌ಗೆ ಹಾಕ್ತೀನಿ, ಸ್ವಿಚ್ ಇನ್‌ಸ್ಟ್ರುಮೆಂಟ್ ಅಲ್ಲ, ಲೈನ್‌ಗೆ ಇರ್ಲಿ. ಡ್ರೈವರ್ ಇಂಟರ್‌ಫೇಸ್ ಕಂಪನೀದೇ. ಈಗ ಕ್ಲಾಕ್ ಒಂದೇ, 48ರಲ್ಲೇ ಆರಾಮಾಗಿ ಮಾಡ್ಬಹುದು. ಇನ್‌ಪುಟ್ ಎರಡೇ ಇರೋದ್ರಿಂದ ಮೊದಲು ಕೀಬೋರ್ಡ್ ಟ್ರ್ಯಾಕ್ ಬಾರಿಸಿ ಮುಗಿಸಿ, ಆಮೇಲೆ ಮೈಕ್ ಹಾಕಿ ಹಾಡಿಸಿ. ಯುಎಸ್‌ಬಿ ಅಂದ್ರೆ ಡಿಜಿಟಲ್, ಅದೇ ಶ್ರೇಷ್ಠ ಅಂತ ಒಂದು ನಂಬಿಕೆ ಇದೆ, ಮನೇಲಿ ಮಾಡೋ ಭಾವಗೀತೆ ರೆಕಾರ್ಡಿಂಗ್‌ನಲ್ಲಿ ಆ ವ್ಯತ್ಯಾಸ ಯಾರ ಕಿವಿಗೂ ಬೀಳಲ್ಲ. ಇಲ್ಲಾ ಯುಎಸ್‌ಬಿನೇ ಬೇಕು ಅಂದ್ರೆ ಕೀಬೋರ್ಡ್ ಟ್ರ್ಯಾಕ್ ರೆಕಾರ್ಡ್ ಮಾಡುವಾಗ ಯಮಹಾ ಸ್ಟೈನ್‌ಬರ್ಗ್ ಡ್ರೈವರ್ ಒಂದೇ ಆರಿಸ್ಕೊಂಡು ಪ್ರಾಜೆಕ್ಟ್ 44.1ಕ್ಕೆ ಇಟ್ಟು, ಹೆಡ್‌ಫೋನ್ ಕೀಬೋರ್ಡ್‌ಗೇ ಹಾಕಿ ಕೇಳಿ, ಹಾಡು ಸೇರಿಸುವಾಗ ಡ್ರೈವರ್ ಬದಲಾಯಿಸಿ, ವಿಡಿಯೋಗೆ ಕೊನೇಲಿ ರೆಂಡರ್ ಮಾಡುವಾಗ (ಫೈನಲ್ ಫೈಲ್ ತೆಗೆಯುವಾಗ) 48 ಕೊಟ್ರಾಯ್ತು. ಮ್ಯಾಕ್ ಇರೋರಿಗೆ ಎರಡು ಡಿವೈಸನ್ನ ಒಂದು ಮಾಡೋ ಅಗ್ರಿಗೇಟ್ ಡಿವೈಸ್‌ನಲ್ಲಿ ಡ್ರಿಫ್ಟ್ ಕರೆಕ್ಷನ್ ಅಂತ ಟಿಕ್ ಇರತ್ತೆ, ಕ್ಲಾಕ್ ಅಂತ ಆರಿಸಿದ ಡಿವೈಸ್ ಬಿಟ್ಟು ಇನ್ನೊಂದಕ್ಕೆ ಹಾಕ್ಬೇಕು.

ಜೂಮ್ ಮಾಡಿದಾಗ ಚಪ್ಪಟೆ ಗೆರೆ ಸಿಕ್ಕಿದ್ರೆ ಲೇಟೆನ್ಸಿಮಾನ್ ಅನ್ನೋ ಪುಕ್ಕಟೆ ಟೂಲನ್ನ ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ಲ್ಯಾಪ್‌ಟಾಪನ್ನ ಹಿಡ್ಕೊಂಡು ಕೂರ್ತಿದೆ ಅಂತ ಹೆಸರು ಸಮೇತ ತೋರಿಸತ್ತೆ. ಬಹಳ ಸಲ ವೈಫೈ ಇರತ್ತೆ, ರೆಕಾರ್ಡಿಂಗ್ ಹೊತ್ತಲ್ಲಿ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಪವರ್ ಉಳಿಸೋಕೆ ಡಿವೈಸ್ ಆಫ್ ಮಾಡ್ಬಹುದು ಅನ್ನೋ ಟಿಕ್ ತೆಗೀರಿ. ಕರೆಂಟ್ ಹೋದಾಗ ಮಾತ್ರ ಜಾಸ್ತಿ ಆಗತ್ತಾ ಅನ್ನೋದನ್ನೂ ಗಮನಿಸಿ, ಬ್ಯಾಟರಿಗೆ ಬಂದ ತಕ್ಷಣ ಪ್ರೊಸೆಸರ್ ಸ್ಪೀಡ್ ಇಳಿಸೋ ಲ್ಯಾಪ್‌ಟಾಪ್ ಬೇಕಾದಷ್ಟಿವೆ. ಸೌಂಡ್ ಪೂರ್ತಿ ಹೋಗಿ ವಿಂಡೋಸ್‌ನ ಡಿಂಗ್ ಡಾಂಗ್ ಕೇಳಿ ವಾಪಸ್ ಬರ್ತಿದ್ರೆ ಸಾಫ್ಟ್‌ವೇರ್ ಮುಟ್ಟೋಕೇ ಹೋಗ್ಬೇಡಿ, ಮಧ್ಯೆ ಯುಎಸ್‌ಬಿ ಹಬ್ ಇದ್ರೆ ತೆಗೆದು, ಪ್ರಿಂಟರ್‌ಗೆ ಹಾಕೋ ಥರದ ಬೇರೆ ಯುಎಸ್‌ಬಿ ಕೇಬಲ್ ಹಾಕಿ ನೋಡಿ, ಸಾಧ್ಯ ಆದಷ್ಟು ಗಿಡ್ಡದು.

ಜ್ಯಾಕ್ ಮತ್ತು ಯುಎಸ್‌ಬಿ ಎರಡೂ ಒಟ್ಟಿಗೆ ಇದ್ದಾಗ ಮೌಸ್ ಅಲ್ಲಾಡಿಸಿದ್ರೆ ಝುಂಯ್ ಅನ್ನೋ ಸದ್ದು ಬಂದ್ರೆ ಅದು ಗ್ರೌಂಡ್ ಲೂಪ್, ಅಂದ್ರೆ ಎರಡು ಕೇಬಲ್‌ನ ಗ್ರೌಂಡ್ ತಂತಿ ಸೇರಿ ಸುತ್ತು ಆಗಿರೋದು. ಗ್ರೌಂಡ್ ಲಿಫ್ಟ್ (ಆ ಗ್ರೌಂಡ್ ಬಿಡಿಸೋ ಸ್ವಿಚ್) ಇರೋ ಡಿಐ ಬಾಕ್ಸ್ ಅನ್ನೋ ಡಬ್ಬಿಯನ್ನ ಜ್ಯಾಕ್ ಕೇಬಲ್ ಮಧ್ಯೆ ಹಾಕಿ, ಅಥವಾ ಯುಎಸ್‌ಬಿ ಕಿತ್ತು ಐದು ಪಿನ್ನಿನ ಮಿಡಿ (ಸೌಂಡ್ ಅಲ್ಲ, ಯಾವ ಕೀ ಯಾವಾಗ ಒತ್ತಿದ್ರಿ ಅನ್ನೋ ಮಾಹಿತಿ) ಕೇಬಲ್ ಹಾಕಿ. ಪ್ಲಗ್‌ನ ಅರ್ತ್ ಪಿನ್ ಮುರಿಯೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಲೇಬೇಡಿ, ಶಾಕ್ ಹೊಡ್ಯತ್ತೆ.

ಇದೆಲ್ಲಾ ಸರಿ ಆಗೋ ತನಕ ಆಡಿಯೋ ಜೊತೆಗೆ ಮಿಡಿನೂ ಇನ್ನೊಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡ್ತಾ ಹೋಗಿ. ನಡುವೆ ಎಲ್ಲಾದ್ರೂ ಟಪ್ ಅಂದಿದ್ರೆ ಆ ಮಿಡಿನ ಕೀಬೋರ್ಡ್‌ಗೆ ವಾಪಸ್ ಕಳಿಸಿ, ಅದು ತಾನೇ ಬಾರಿಸ್ಕೊಳತ್ತೆ, ಆ ತುಣುಕು ಮಾತ್ರ ಮತ್ತೆ ರೆಕಾರ್ಡ್ ಮಾಡಿ ಅಂಟಿಸಿ. ಲೇಟೆನ್ಸಿಮಾನ್ ಸ್ಕ್ರೀನ್‌ಶಾಟ್ ಹಾಕಿದ್ರೆ ನೋಡಿ ಹೇಳ್ತೀನಿ.