ಪದವಿಗೆ ಮುಂಚೆಯೇ ಪರ್ವತಾರೋಹಣ ಕೋರ್ಸ್ ಮಾಡಬಹುದೇ?

ಬಿಟಿಟಿಎಂ (ಪ್ರವಾಸೋದ್ಯಮ ಪದವಿ) ಎರಡನೇ ವರ್ಷದಲ್ಲಿದ್ದು, ಪರ್ವತಾರೋಹಣದ ಬೇಸಿಕ್ ಕೋರ್ಸ್ ಈಗಲೋ ಪದವಿಯ ನಂತರವೋ ಎಂದು ಕೇಳಿದ್ದೀರಿ. ಈಗಲೇ ಮಾಡಿ. ಉತ್ತರಕಾಶಿಯ ನಿಮ್ (ನೆಹರೂ ಪರ್ವತಾರೋಹಣ ಸಂಸ್ಥೆ), ಡಾರ್ಜಿಲಿಂಗ್‌ನ ಎಚ್‌ಎಂಐ (ಹಿಮಾಲಯನ್ ಪರ್ವತಾರೋಹಣ ಸಂಸ್ಥೆ) ಎರಡರಲ್ಲೂ ಅದು ಸುಮಾರು ನಾಲ್ಕು ವಾರ. ರಜೆಯ ಬ್ಯಾಚುಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬುತ್ತವೆ, ತಡಮಾಡಬೇಡಿ.

ಅಡ್ವಾನ್ಸ್ ಕೋರ್ಸಿಗೆ ಬೇಸಿಕ್‌ನಲ್ಲಿ ‘ಎ’ ಗ್ರೇಡ್ ಬೇಕೇ ಬೇಕು. ಅದು ಕೈತಪ್ಪುವುದು ಹೆಚ್ಚಾಗಿ ಗಂಟು ಕಟ್ಟಲು ಬಾರದೆ ಅಲ್ಲ, ದಮ್ಮು ಸಾಲದೆ. ಮೂರು ತಿಂಗಳು ಮೊದಲೇ ವಾರಕ್ಕೆ ನಾಲ್ಕು ದಿನ ಓಡಿ. ಭಾನುವಾರ ಬೆನ್ನಿಗೆ 8 ಕೆಜಿ ಹೊತ್ತು ಬೆಟ್ಟ ಹತ್ತಿ, ನಿಧಾನವಾಗಿ 15ಕ್ಕೆ ಏರಿಸಿ. ಹೊಸ ಬೂಟನ್ನು ಇಲ್ಲೇ ಪಳಗಿಸಿಕೊಳ್ಳಿ, ಇಲ್ಲದಿದ್ದರೆ ಎರಡನೇ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ.

ನೀರಿನ ಕೆಲಸ ಇಷ್ಟವಾದರೆ ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಇಂಟರ್ನ್‌ಶಿಪ್ ಹುಡುಕಿ. ಅಲ್ಲಿ ಹರಿವು ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ಹುಟ್ಟು ಹಾಕುವುದಕ್ಕಿಂತ ಮೊದಲು ಥ್ರೋ ಬ್ಯಾಗ್ (ನೀರಿಗೆ ಬಿದ್ದವರತ್ತ ಎಸೆಯುವ, ಹಗ್ಗ ತುಂಬಿದ ಚೀಲ) ಎಸೆಯಲು ಕಲಿಯಿರಿ: ಚೀಲ ಮುಳುಗುತ್ತಿರುವವರ ತಲೆ ದಾಟಿ ಬೀಳಬೇಕು, ಹಗ್ಗ ಎದೆಯ ಮೇಲೆ ಸಿಗಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಸೆಳೆತ ನಿಮ್ಮನ್ನೂ ಎಳೆದೊಯ್ಯುತ್ತದೆ.

ಪ್ರಥಮ ಚಿಕಿತ್ಸೆಗೆ ಒಂದು ದಿನದ ಸರ್ಟಿಫಿಕೇಟ್ ಸಾಲದು. ಆಸ್ಪತ್ರೆ ಗಂಟೆಗಳ ದೂರ ಇರುವ ಕಡೆಗೆಂದೇ ರೂಪಿಸಿದ ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್ ಕೋರ್ಸ್ ಮಾಡಿ. ಸುಮಾರು 70–80 ಗಂಟೆ, ದುಬಾರಿಯೇ. ಅರಣ್ಯ ಇಲಾಖೆಯ ಅನುಮತಿ, ವಿಮೆ, ವೆಚ್ಚದ ಲೆಕ್ಕ ನಿಮ್ಮ ಪದವಿಯಲ್ಲೇ ಬರುತ್ತವೆ. ಬರೀ ಬೆಟ್ಟ ಹತ್ತಬಲ್ಲವರಲ್ಲಿ ಇಲ್ಲದ್ದು ಅದೇ, ಕೆಲಸದ ಸಂದರ್ಶನದಲ್ಲಿ ಎತ್ತಿ ಹೇಳಿ.