ನೀನು ಯಾರಿಗೆ ಕಲಿಸಿದ್ದೀಯ?

ಡಿಗ್ರಿ ಮುಗಿಯುವ ಹೊತ್ತಿಗೆ, ಮುಂದೆ ಯಾವ ಕೆಲಸ ಹಿಡಿಯಬೇಕು ಅಂತ ಸಲಹೆ ಕೇಳಿಕೊಂಡು ಇಂಥ ಮಕ್ಕಳು ನನ್ನ ಬಳಿ ಬರುತ್ತಾರೆ. ಮೈದಾನದಲ್ಲೇ ಬೆಳೆದವರು. ಎಲ್ಲೋ ಒಂದು ಪೆಟ್ಟು ಬಿದ್ದಿರುತ್ತದೆ, ಇಲ್ಲವೇ ತಂಡದ ಆಯ್ಕೆಯಲ್ಲಿ ಹೆಸರು ಬಿಟ್ಟುಹೋಗಿರುತ್ತದೆ. "ಜಿಮ್ ಟ್ರೈನರ್ ಆಗ್ತೀನಿ ಮೇಡಂ" ಅನ್ನುತ್ತಾರೆ. ಅವರಲ್ಲಿ ಒಬ್ಬನನ್ನು ಮಂಜು ಅಂತ ಕರೆಯೋಣ. ಹೆಸರು, ಗುರುತು ಬದಲಿಸಿದ್ದೇನೆ.

ಹಾವೇರಿ ಕಡೆಯ ಹುಡುಗ, ಬಿ.ಕಾಂ. ಕೊನೆಯ ಸೆಮಿಸ್ಟರ್. ಕಾಲೇಜು ಕಬಡ್ಡಿ ತಂಡದ ರೈಡರ್, ಅಂದರೆ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಅಂಕ ತರುವವನು. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಬೆಂಗಳೂರಿನ ಒಂದು ಟ್ರೈನರ್ ಕೋರ್ಸಿಗೆ 60,000 ರೂಪಾಯಿ ಬೇಕಿತ್ತು. ಅಮ್ಮ ಬಳೆ ಅಡ ಇಡಲು ಒಪ್ಪಿದ್ದರು. ಅಪ್ಪ ಮಾತ್ರ "ಬ್ಯಾಂಕ್ ಪರೀಕ್ಷಾ ಬರಿ ಅಂತ ನೀವಾದ್ರೂ ಹೇಳ್ರಿ ಮೇಡಂ" ಎಂದರು.

ಮೊದಲ ಎರಡು ಭೇಟಿಯಲ್ಲಿ ಬರೀ ಮೊಣಕಾಲಿನ ಮಾತು. ಮೂರನೇ ಸಲ ಕೇಳಿದೆ: "ನೀನು ಇಲ್ಲಿವರೆಗೆ ಯಾರಿಗಾದರೂ ಏನಾದರೂ ಕಲಿಸಿದ್ದೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಊರಿನ ಹೈಸ್ಕೂಲಿನ ಒಂದು ಹುಡುಗಿಯ ವಿಷಯ ತೆಗೆದ. ಅವಳು ರೈಡಿಗೆ ಹೋದರೆ ಬೋನಸ್ ಗೆರೆಯ (ಎದುರಾಳಿಗಳ ಅಂಕಣದಲ್ಲಿ ದಾಟಿದರೆ ಹೆಚ್ಚುವರಿ ಅಂಕ ಸಿಗುವ ಗೆರೆ) ಹತ್ತಿರವೇ ಸಿಕ್ಕಿಬೀಳುತ್ತಿದ್ದಳಂತೆ. ಎಲ್ಲರೂ ಹೆದರುಪುಕ್ಕಲಿ ಅನ್ನುತ್ತಿದ್ದರು.

"ಹೆದರಿಕೆ ಅಲ್ಲ ಮೇಡಂ. ಆಕಿ ಗೆರಿ ನೋಡ್ತಿದ್ಲು, ಎದುರಿನ ಆಳನ್ನ ನೋಡ್ತಿರಲಿಲ್ಲ."

ಹೇಳುತ್ತಲೇ ಎದ್ದು ನಿಂತ. ನನ್ನ ಕೋಣೆಯ ಟೈಲ್ಸಿನ ಒಂದು ಸಂದನ್ನೇ ಬೋನಸ್ ಗೆರೆ ಮಾಡಿಕೊಂಡ. ತಲೆ ತಗ್ಗಿಸಿ ಕಾಲು ಚಾಚಿದರೆ ಮೈಭಾರ ಮುಂದಕ್ಕೆ ಹೋಗುತ್ತದೆ, ಹಿಂದಿರುಗಲು ಆಗುವುದಿಲ್ಲ, ಅಂಕಣದ ಮೂಲೆಯಲ್ಲಿ ನಿಂತ ಕಾರ್ನರ್‌ನವನು ಪಾದ ಹಿಡಿಯುತ್ತಾನೆ. ಹಾಗಂತ ತೋರಿಸಿದ. ಅವಳಿಗೆ ಮೊದಲು ಯಾರೂ ಇಲ್ಲದ ಅಂಕಣದಲ್ಲಿ ರೈಡ್ ಮಾಡಿಸಿದ್ದನಂತೆ, ತಲೆ ಎತ್ತಿಕೊಂಡೇ. ಆಮೇಲೆ ಒಬ್ಬಳನ್ನು ನಿಲ್ಲಿಸಿ, ಆಮೇಲೆ ಇಬ್ಬರನ್ನು. ಒಂದು ವಾರ ಬೇಕಾಯಿತಂತೆ. ಅವಳು ಮೊದಲ ಬೋನಸ್ ತಂದದ್ದು ಶನಿವಾರ ಎಂಬುದೂ ಅವನಿಗೆ ನೆನಪಿತ್ತು. ಅವತ್ತು ತನ್ನ ಮೆಡಲ್‌ಗಳ ಸುದ್ದಿ ಒಮ್ಮೆಯೂ ಎತ್ತಲಿಲ್ಲ.

ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಆಡಲು ಆಗದ್ದಕ್ಕೆ ಸಿಗುವ ಸಮಾಧಾನದ ಬಹುಮಾನ ಅಲ್ಲ ತರಬೇತಿ. ನಮ್ಮ ದೇಹದ ಮೇಲಿನ ಪ್ರೀತಿ ಬೇರೆ, ಇನ್ನೊಬ್ಬರ ತಪ್ಪು ಎಲ್ಲಿದೆ ಅಂತ ತಾಳ್ಮೆಯಿಂದ ಹುಡುಕುವುದು ಬೇರೆ. ಎರಡನೆಯದು ಇಲ್ಲದವರಿಗೆ ನಾನು ಈ ದಾರಿ ಬೇಡ ಅಂತಲೇ ಹೇಳುತ್ತೇನೆ.

ಮಂಜುವಿಗೆ ಹೇಳಿದ್ದು ಇಷ್ಟು. ಬಳೆ ಅಡ ಇಡಬೇಡಿ. ಬಿ.ಕಾಂ. ಮುಗಿಸು. ಡಾಕ್ಟರ್ ಒಪ್ಪಿದಷ್ಟೇ ಓಡಾಡಿಕೊಂಡು, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮೂರು ತಿಂಗಳು ಬೆಳಿಗ್ಗೆ ಅದೇ ಮೈದಾನದಲ್ಲಿ ಕಲಿಸು. ಆಮೇಲೆ ಯಾವ ಬಾಗಿಲು ಅಂತ ನೋಡೋಣ. ಶಾಲೆಯ ದೈಹಿಕ ಶಿಕ್ಷಕನಾಗಲು ಡಿಗ್ರಿ ಆದಮೇಲೆ ಎರಡು ವರ್ಷದ ಬಿ.ಪಿ.ಇಡಿ. (ದೈಹಿಕ ಶಿಕ್ಷಣದ ಪದವಿ) ಇದೆ. ಕೋಚ್ ಆಗಬೇಕೆಂದರೆ ಪಟಿಯಾಲಾದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದೆ, ಆದರೆ ಅಲ್ಲಿ ಆಡಿದ ಸರ್ಟಿಫಿಕೇಟುಗಳೂ ಬೇಕು. ಅವನ್ನು ಜೋಪಾನವಾಗಿ ಇಟ್ಟುಕೋ. ಜಿಮ್ ಕೆಲಸ ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಬೆಳಗಿನ ಜಾವ ಒಂದು ಪಾಳಿ, ಸಂಜೆ ಇನ್ನೊಂದು. ಸಂಬಳ ಕಡಿಮೆ, ಪರ್ಸನಲ್ ಟ್ರೈನಿಂಗಿಗೆ ಜನ ಸಿಕ್ಕರೆ ಮಾತ್ರ ಕಮಿಷನ್. ಕೆಲವು ಕಡೆ ಪ್ರೋಟೀನ್ ಡಬ್ಬ ಇಷ್ಟು ಮಾರಲೇಬೇಕು ಅನ್ನುತ್ತಾರೆ. ಬೇಡದವರಿಗೆ ಬೇಡ ಅನ್ನುವ ಧೈರ್ಯ ಇದ್ದರೆ ಹೋಗು.

ಅಪ್ಪನಿಗೆ ಸಿಟ್ಟು ಬಂತು. "ಮೂರು ತಿಂಗಳು ಪುಕ್ಕಟೆ ದುಡಿ ಅಂತೀರಲ್ರಿ" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ದುಡ್ಡು ಕಟ್ಟಿ ಆರು ತಿಂಗಳಿಗೆ ಬಿಟ್ಟುಬಂದವರನ್ನು ನೋಡಿದ್ದೇನೆ. ಇಷ್ಟವಿಲ್ಲದೆ ಬ್ಯಾಂಕ್ ಪರೀಕ್ಷೆಗೆ ಕೂತು ನಾಲ್ಕು ವರ್ಷ ಕಳೆದವರು ಅವರಿಗಿಂತ ಜಾಸ್ತಿ. ಮೂರು ತಿಂಗಳು ಇವೆರಡಕ್ಕಿಂತ ಅಗ್ಗ ಅಲ್ವಾ?

ಎರಡು ತಿಂಗಳ ನಂತರ ಮಂಜು ಬಂದಾಗ ಕೈಯಲ್ಲಿ 100 ಪುಟದ ನೋಟ್‌ಬುಕ್ ಇತ್ತು. ಹದಿನಾಲ್ಕು ಮಕ್ಕಳ ಹಾಜರಿ. ಬಾರದ ದಿನದ ಮುಂದೆ ಕಾರಣ ಬರೆದಿದ್ದ: ಜ್ವರ, ಅಜ್ಜಿ ಊರಿಗೆ, ಮೆಣಸಿನಕಾಯಿ ಬಿಡಿಸಲು. ಬಿ.ಪಿ.ಇಡಿ. ಅರ್ಜಿ ಯಾವಾಗ ಬಿಡುತ್ತಾರೆ ಅಂತ ಕೇಳಿದ. ಅಪ್ಪ ಈ ಸಲವೂ ಜೊತೆಗೆ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತು ಅದೇ ನೋಟ್‌ಬುಕ್ ತಿರುವಿ ಹಾಕುತ್ತಿದ್ದರು.