ವರ್ಷಕ್ಕೆ ಕೋಟಿ ಡಾಲರ್ ಸಂಬಳ, ಕತ್ತಿನ ಮೇಲೆ ಹಕ್ಕಿಲ್ಲ

ಪತ್ರ: ಐಸ್ ಹಾಕಿ ಆಟಗಾರರು ಎಂಟು ವರ್ಷಕ್ಕೆ ಸಹಿ ಹಾಕುತ್ತಾರೆ. ಆಮೇಲೆ ನಡುವೆಯೇ ‘ನನ್ನನ್ನು ಬೇರೆ ಟೀಮಿಗೆ ಕಳಿಸಿ’ ಅಂತ ಹಟ ಹಿಡಿಯುತ್ತಾರೆ. ಇದು ಬ್ಲ್ಯಾಕ್‌ಮೇಲ್ ಅಲ್ವಾ? ಟೀಮಿನವರು ಯಾಕೆ ಬಗ್ಗಬೇಕು?
- ಓದುಗರೊಬ್ಬರು, ಮೈಸೂರು

ಉತ್ತರ: ಕೊಟ್ಟ ಮಾತಿಗೆ ನಿಲ್ಲಬೇಕು ಅನ್ನುವ ನಿಮ್ಮ ಸಿಟ್ಟು ಸರಿಯೇ. ಆದರೆ ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆ ಮಾತು ಆಟಗಾರನನ್ನು ಮಾತ್ರ ಕಟ್ಟಿಹಾಕುತ್ತದೆ. ನಮ್ಮ ಐಪಿಎಲ್‌ನಲ್ಲಿ ಟ್ರೇಡ್ ಆಗಲು ಆಟಗಾರ ಒಪ್ಪಬೇಕು. ಎನ್‌ಎಚ್‌ಎಲ್‌ನಲ್ಲಿ ಒಪ್ಪಂದದಲ್ಲಿ ‘ನೋ ಟ್ರೇಡ್’ ಷರತ್ತು ಇಲ್ಲದವನನ್ನು ಒಂದು ಮಾತೂ ಕೇಳದೆ ಇನ್ನೊಂದು ಊರಿಗೆ ಕಳಿಸಬಹುದು. ಆ ಷರತ್ತೂ ಸಹ 27 ವಯಸ್ಸು ಇಲ್ಲವೇ ಏಳು ಸೀಸನ್ ಆಗುವ ತನಕ ಜಾರಿಗೆ ಬರುವುದಿಲ್ಲ.

ಜಾಕ್ ಐಕಲ್ ಕತೆ ಕೇಳಿ. ಬಫಲೊ ಸೇಬರ್ಸ್ ನಾಯಕ, ಎಂಟು ವರ್ಷಕ್ಕೆ 8 ಕೋಟಿ ಡಾಲರ್. 2021ರ ಮಾರ್ಚ್‌ನಲ್ಲಿ ಕತ್ತಿನ ಡಿಸ್ಕ್ ಜಾರಿತು. ಟೀಮಿನ ವೈದ್ಯರು ಮೂಳೆ ಬೆಸೆಯುವ ಆಪರೇಷನ್ ಅಂದರು. ಐಕಲ್ ಕೃತಕ ಡಿಸ್ಕ್ ಹಾಕಿಸಿಕೊಳ್ಳುತ್ತೇನೆ ಅಂದ. ಎನ್‌ಎಚ್‌ಎಲ್ ಆಟಗಾರರಲ್ಲಿ ಯಾರೂ ಅದನ್ನು ಮಾಡಿಸಿಕೊಂಡಿರಲಿಲ್ಲ. ಆಟಗಾರರ ಸಂಘ ಮತ್ತು ಲೀಗ್ ನಡುವಿನ ಕರಾರಿನ ಪ್ರಕಾರ ಕೊನೆಯ ಮಾತು ಟೀಮಿನದು. ಅಂದರೆ ಕತ್ತು ಅವನದು, ತೀರ್ಮಾನ ಅವರದು! ತಿಂಗಳುಗಟ್ಟಲೆ ಜಗ್ಗಾಟ ನಡೆಯಿತು. ಸೆಪ್ಟೆಂಬರ್‌ನಲ್ಲಿ ನಾಯಕತ್ವವನ್ನೂ ಕಿತ್ತುಕೊಂಡರು. ನವೆಂಬರ್‌ನಲ್ಲಿ ವೇಗಸ್‌ಗೆ ಟ್ರೇಡ್ ಆಯಿತು, ಅದೇ ತಿಂಗಳು ಅವನು ಕೇಳಿದ ಆಪರೇಷನ್ನೂ ಆಯಿತು. 2023ರಲ್ಲಿ ವೇಗಸ್ ಲೀಗಿನ ಟ್ರೋಫಿಯಾದ ಸ್ಟಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ಇದೇ ಐಕಲ್‌ದು, 26. ಇವನದ್ದು ಬ್ಲ್ಯಾಕ್‌ಮೇಲ್ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ಆಟಗಾರನ ಕೈ ಮೇಲಾಗುವುದು ಯಾವಾಗ? ಒಪ್ಪಂದ ಮುಗಿಯುತ್ತ ಬಂದಾಗ. 2022ರಲ್ಲಿ ಕ್ಯಾಲ್ಗರಿ ಟೀಮಿನ ಮ್ಯಾಥ್ಯೂ ಕಚಕ್‌ಗೆ ಪೂರ್ತಿ ಸ್ವತಂತ್ರನಾಗಲು, ಅಂದರೆ ಬೇಕಾದ ಟೀಮಿಗೆ ಹೋಗಲು, ಒಂದೇ ವರ್ಷ ಬಾಕಿ ಇತ್ತು. ದೀರ್ಘ ಒಪ್ಪಂದಕ್ಕೆ ಸಹಿ ಹಾಕಲ್ಲ ಅಂತ ಕ್ಯಾಲ್ಗರಿಗೆ ಮೊದಲೇ ತಿಳಿಸಿದ. ಸುಮ್ನೆ ಕೂತಿದ್ದರೆ ಮುಂದಿನ ವರ್ಷ ಟೀಮಿಗೆ ಬರಿಗೈ. ಅವನನ್ನು ಫ್ಲೋರಿಡಾಗೆ ಕೊಟ್ಟು ಅಲ್ಲಿನ ಆಟಗಾರರಾದ ಹುಬರ್ಡೊ, ವೀಗರ್ ಇಬ್ಬರನ್ನೂ ತಂದರು. ಅಂದಹಾಗೆ ಹುಬರ್ಡೊ ಆಗಷ್ಟೇ 115 ಪಾಯಿಂಟ್ ಗಳಿಸಿದ್ದ. ಅಷ್ಟು ಚೆನ್ನಾಗಿ ಆಡಿದವನೂ ಗಂಟುಮೂಟೆ ಕಟ್ಟಬೇಕಾಯಿತು. ಅವನ ಪರವಾಗಿ ಯಾರೂ ಪತ್ರ ಬರೆದ ಹಾಗಿಲ್ಲ.

ಇನ್ನು ಟೀಮು ಯಾಕೆ ಬಗ್ಗಬೇಕು ಅಂದಿರಿ. ಬಗ್ಗಿದರೆ ಮುಳುಗಲೇಬೇಕು ಅಂತೇನಿಲ್ಲ. 1991ರ ಡ್ರಾಫ್ಟ್‌ನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಕ್ವಿಬೆಕ್ ನಾರ್ಡಿಕ್ಸ್ ಎರಿಕ್ ಲಿಂಡ್ರೋಸ್‌ನನ್ನು ಮೊದಲನೆಯವನಾಗಿ ಆರಿಸಿತು. ಅವನು ಅಲ್ಲಿ ಆಡಲೇ ಇಲ್ಲ. ಮರುವರ್ಷ ಟೀಮಿನವರು ಅವನನ್ನು ಫಿಲಡೆಲ್ಫಿಯಾಗೂ ನ್ಯೂಯಾರ್ಕ್ ರೇಂಜರ್ಸ್‌ಗೂ ಮಾರಿದರು, ಎರಡೂ ಕಡೆ! ಪಂಚಾಯ್ತಿಗೆ ಕೂತ ಮಧ್ಯಸ್ಥಗಾರ ಫಿಲಡೆಲ್ಫಿಯಾ ಪರ ತೀರ್ಪು ಕೊಟ್ಟ. ಕ್ವಿಬೆಕ್‌ಗೆ 1.5 ಕೋಟಿ ಡಾಲರ್, ಜೊತೆಗೆ ಪೀಟರ್ ಫೋರ್ಸ್‌ಬರ್ಗ್ ಮತ್ತು ಇನ್ನೂ ಹಲವು ಆಟಗಾರರು ಸಿಕ್ಕರು. ಲಿಂಡ್ರೋಸ್ ಕೊನೆವರೆಗೂ ಕಪ್ ಗೆಲ್ಲಲಿಲ್ಲ. ಫೋರ್ಸ್‌ಬರ್ಗ್ ಇದ್ದ ಟೀಮು 1996ರಲ್ಲೇ ಗೆದ್ದಿತು. ಆದರೆ ಅಷ್ಟರೊಳಗೆ ಮಾಲೀಕರು ಟೀಮನ್ನೇ ಮಾರಿದ್ದರು, ಅದು ಡೆನ್ವರ್‌ಗೆ ಹೋಗಿ ಕೊಲರಾಡೊ ಅವಲಾಂಚ್ ಆಗಿತ್ತು. ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ಆ ಮಾಲೀಕರಿಗೂ ಇರಲಿ.